ಯಾವ ಡಿಎನ್‌ಎ ಟೆಸ್ಟ್, ಯಾರ ಬಾಯಿಂದ? ತೀರಿಹೋದ ಹಿರಿಯರ ನಂಟು ಹುಡುಕುವವರಿಗೆ

ನಾನು ಮೊದಲು ತರಿಸಿದ್ದು ತಪ್ಪು ಕಿಟ್. ಕೆಟ್ಟ ಕಿಟ್ ಅಲ್ಲ, ತಪ್ಪು ಕಿಟ್. ನನಗಿದ್ದ ಪ್ರಶ್ನೆ ಅಪ್ಪನ ಅಮ್ಮನ ಅಜ್ಜನ ಬಗ್ಗೆ. ಆತ ತನ್ನ ಮನೆಯ ಯಜಮಾನನ ಸ್ವಂತ ಮಗನೋ, ಸಾಕಿಕೊಂಡವನೋ ಅಂತ ಮನೆಯಲ್ಲಿ ಎರಡು ಕಥೆ ಇದ್ದವು. ಕಾಗದಪತ್ರ ಒಂದೂ ಇಲ್ಲ. ಸರಿ, ಡಿಎನ್‌ಎ ಕೇಳೋಣ ಅಂತ ವೈ ಕ್ರೋಮೋಸೋಮ್ ಟೆಸ್ಟ್ ತರಿಸಿದೆ. ಕೆನ್ನೆಯ ಒಳಗೆ ಕಡ್ಡಿ ಉಜ್ಜಿ ಕಳಿಸಿದೆ. ವಾರಗಟ್ಟಲೆ ಕಾದೆ. ಬಂದ ರಿಸಲ್ಟ್ ಚೊಕ್ಕವಾಗಿತ್ತು. ಆದರೆ ಅದು ಹೇಳಿದ್ದು ಅಪ್ಪನ ಅಪ್ಪನ ಅಪ್ಪನ ಕಥೆ. ನಾನು ಕೇಳಿದ್ದು ಅಜ್ಜಿಯ ತವರಿನದ್ದು. ನಡುವೆ ಒಬ್ಬ ಹೆಣ್ಣು ಬಂದರೆ ಆ ಟೆಸ್ಟಿನ ದಾರಿ ಅಲ್ಲಿಗೇ ಕಟ್. ಇದನ್ನು ಕಂಪನಿಯವರು ಬರೆದೇ ಇದ್ದರು. ನಾನು ಓದಿರಲಿಲ್ಲ, ಅಷ್ಟೇ.

ಆಮೇಲೆ ಒಂದು ವಿಷಯ ತಲೆಗೆ ಹೊಳೆಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನೀವು ಈ ತಪ್ಪು ಮಾಡದ ಹಾಗೆ ನೋಡೋಣ.

ಮೊದಲು ಪೆನ್ಸಿಲ್, ಆಮೇಲೆ ಕಿಟ್

ಡಿಎನ್‌ಎ ಟೆಸ್ಟ್ ಸತ್ತವರ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಸಮಾಧಿ ಅಗೆದು ಮೂಳೆ ತೆಗೆದ ಅಪರೂಪದ ಪ್ರಕರಣ ಬಿಟ್ಟರೆ, ಅದು ಮಾಡುವುದು ಒಂದೇ ಕೆಲಸ: ಬದುಕಿರುವ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡುವುದು. ನಿಮ್ಮ ಮುತ್ತಜ್ಜ ಇಂಥವರ ಮಗ ಎಂದು ಸಾಬೀತಾಗಬೇಕಾದರೆ, ಆ 'ಇಂಥವರ' ಇನ್ನೊಂದು ಮಗುವಿನ ಕಡೆಯಿಂದ ಬಂದ ಒಬ್ಬರು ಬೇಕು. ನೀವೊಬ್ಬರೇ ಟೆಸ್ಟ್ ಮಾಡಿಸಿದರೆ ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆದ ಹಾಗೆ.

ಅದಕ್ಕೆ ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ಆ ಹಿರಿಯರ ಹೆಸರು. ಕೆಳಗೆ ಒಂದು ಕಡೆ ನೀವು, ಇನ್ನೊಂದು ಕಡೆ ಆ ಇನ್ನೊಬ್ಬರು. ಮೇಲಿನ ಆ ಹಿರಿಯರಿಂದ ಹಿಡಿದು ಕೆಳಗಿನ ನಿಮ್ಮಿಬ್ಬರವರೆಗೆ ಪ್ರತಿಯೊಬ್ಬರಿಗೂ ಗಂಡಾದರೆ ಚೌಕ, ಹೆಣ್ಣಾದರೆ ಸೊನ್ನೆ ಹಾಕಿ. ಎಷ್ಟು ಮೆಟ್ಟಿಲು ಅಂತ ಎಣಿಸಿ. ಎರಡೂ ಕಡೆ ಬರೀ ಚೌಕ ಇದ್ದರೆ ವೈ ಟೆಸ್ಟ್. ಬರೀ ಸೊನ್ನೆ ಇದ್ದರೆ ತಾಯಿಯಿಂದ ಮಾತ್ರ ಬರುವ ಡಿಎನ್‌ಎ ನೋಡುವ ಮೈಟೋಕಾಂಡ್ರಿಯಾ ಟೆಸ್ಟ್, ಅಂದರೆ ಎಂಟಿ ಟೆಸ್ಟ್. ಇಲ್ಲಿ ಕಟ್ಟಕಡೆಯವರು ಗಂಡಾದರೂ ನಡೆಯುತ್ತದೆ. ಚೌಕ ಸೊನ್ನೆ ಕಲಸಿಕೊಂಡಿದ್ದು ಮೆಟ್ಟಿಲು ಕಡಿಮೆ ಇದ್ದರೆ ಆಟೋಸೋಮಲ್ ಟೆಸ್ಟ್, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಡಿಎನ್‌ಎ ನೋಡುವ ಟೆಸ್ಟ್. ಕಲಸಿಕೊಂಡೂ ಇದೆ, ಮೆಟ್ಟಿಲೂ ಜಾಸ್ತಿ ಅಂದರೆ ಹಾಳೆ ತಿರುಗಿಸಿ ಬೇರೆ ಜನರನ್ನು ಹುಡುಕಬೇಕು.

ವೈ ಟೆಸ್ಟ್: ದೂರ ಹೋಗುತ್ತದೆ, ಅಣ್ಣ ತಮ್ಮನ ವ್ಯತ್ಯಾಸ ಗೊತ್ತಿಲ್ಲ

ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ. ಹತ್ತು ತಲೆಮಾರಾದರೂ ಕರಗುವುದಿಲ್ಲ. ಇದೇ ಇದರ ದೊಡ್ಡ ಬಲ. ಮುನ್ನೂರು ವರ್ಷದ ಹಿಂದಿನ ಪ್ರಶ್ನೆಗೂ ಉತ್ತರ ಕೊಡಬಲ್ಲದು, ದಾರಿಯಲ್ಲಿ ಬರೀ ಗಂಡಸರೇ ಇರಬೇಕು ಅಷ್ಟೇ.

ಇದರ ಶಕ್ತಿ, ಮಿತಿ ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಥಾಮಸ್ ಜೆಫರ್ಸನ್ ಪ್ರಕರಣ ನೋಡಬೇಕು. ಅಮೆರಿಕದ ಮೂರನೇ ಅಧ್ಯಕ್ಷ. ತನ್ನ ಮನೆಯ ಗುಲಾಮ ಹೆಣ್ಣು ಸ್ಯಾಲಿ ಹೆಮಿಂಗ್ಸ್ ಮಕ್ಕಳಿಗೆ ಆತನೇ ತಂದೆಯಾ ಎಂಬ ಜಗಳ ಇನ್ನೂರು ವರ್ಷದ್ದು. ಜೆಫರ್ಸನ್‌ಗೆ ಹೆಂಡತಿಯಿಂದ ದೊಡ್ಡವನಾಗಿ ಬೆಳೆದ ಗಂಡುಮಗ ಇರಲಿಲ್ಲ. ಹಾಗಾಗಿ ಸಂಶೋಧಕರು ಆತನ ದೊಡ್ಡಪ್ಪ ಫೀಲ್ಡ್ ಜೆಫರ್ಸನ್‌ನ ಗಂಡು ಸಂತಾನದವರನ್ನು ಹುಡುಕಿದರು. 1998ರಲ್ಲಿ ಫಲಿತಾಂಶ ಬಂತು. ಸ್ಯಾಲಿಯ ಕಿರಿಮಗ ಎಸ್ಟನ್‌ನ ವಂಶದವನ ವೈ ಅದಕ್ಕೆ ಹೊಂದಿತು. ಜೆಫರ್ಸನ್ ಮಗನೇ ಎಂದು ಹೇಳಿಕೊಂಡು ಬಂದಿದ್ದ ಥಾಮಸ್ ವುಡ್ಸನ್ ಎಂಬವನ ವಂಶದವರದ್ದು ಹೊಂದಲಿಲ್ಲ. ತಂದೆ ಜೆಫರ್ಸನ್ ಅಲ್ಲ, ಅವನ ತಂಗಿಯ ಗಂಡುಮಕ್ಕಳಾದ ಕಾರ್ ಸೋದರರು ಎಂಬ ವಾದವೂ ಎಸ್ಟನ್ ಮಟ್ಟಿಗೆ ಬಿದ್ದುಹೋಯಿತು.

ಹಾಗಾದರೆ ಥಾಮಸ್ ಜೆಫರ್ಸನ್ ಅಂತ ಸಾಬೀತಾಯಿತಾ? ಬರೀ ವೈ ನೋಡಿದರೆ ಇಲ್ಲ. ಆತನ ತಮ್ಮ ರಾಂಡಾಲ್ಫ್‌ದೂ ಅದೇ ವೈ. ಸ್ಯಾಲಿ ಬಸುರಾದ ಸಮಯಗಳಲ್ಲಿ ಥಾಮಸ್ ಮನೆಯಲ್ಲಿದ್ದ ಎಂಬ ದಾಖಲೆ, ಮತ್ತೊಬ್ಬ ಮಗನ ಹೇಳಿಕೆ, ಇವೆಲ್ಲ ಸೇರಿ ಹೆಚ್ಚಿನ ಇತಿಹಾಸಕಾರರು ಅವನೇ ತಂದೆ ಎಂದು ಒಪ್ಪಿದರು. ಡಿಎನ್‌ಎ ಮನೆತನ ತೋರಿಸಿತು, ಆಳನ್ನು ಕಾಗದ ತೋರಿಸಿತು.

ವೈ ಟೆಸ್ಟ್ 'ಅಲ್ಲ' ಅಂದಾಗ ಗಟ್ಟಿಯಾಗಿ ಅನ್ನುತ್ತದೆ. 'ಹೌದು' ಅಂದಾಗ 'ಈ ಮನೆಯವನು' ಅಂತ ಮಾತ್ರ. ಆದರೆ ಆ 'ಅಲ್ಲ'ದಲ್ಲೂ ಒಂದು ಕೊಕ್ಕೆ ಇದೆ. ಸರಪಣಿ ಎಲ್ಲಿ ಕಡಿದಿದೆ ಅಂತ ಅದು ಹೇಳುವುದಿಲ್ಲ. ಹೆಸರಾಂತ ಸಂಗೀತಗಾರ ಬೀಥೋವನ್‌ನ ಕೂದಲಿನ ಅಧ್ಯಯನ 2023ರಲ್ಲಿ ಬಂತು. ಅವನ ವೈ, ಬೆಲ್ಜಿಯಂನಲ್ಲಿ ಈಗ ಬದುಕಿರುವ ಬೀಥೋವನ್ ಮನೆತನದ ಐದು ಗಂಡಸರ ವೈಗೆ ಹೊಂದಲಿಲ್ಲ. ಆ ಐವರದ್ದು ತಮ್ಮತಮ್ಮಲ್ಲಿ ಹೊಂದಿತ್ತು. ಅಂದರೆ 1572ರಿಂದ 1770ರ ನಡುವೆ ಎಲ್ಲೋ ಒಂದು ಕಡೆ ಕಾಗದದ ಮೇಲಿನ ಅಪ್ಪ ಬೇರೆ, ನಿಜವಾದ ಅಪ್ಪ ಬೇರೆ. ಯಾವ ತಲೆಮಾರಿನಲ್ಲಿ? ಗೊತ್ತಿಲ್ಲ. ಇಬ್ಬರ ವೈ ಹೊಂದದೇ ಹೋದರೆ ತಪ್ಪು ನಿಮ್ಮ ಕಡೆಯ ಗೆರೆಯಲ್ಲೂ ಇರಬಹುದು, ಅವರ ಕಡೆಯದ್ದರಲ್ಲೂ ಇರಬಹುದು. ಮೂರನೆಯವರನ್ನು ತರದೇ ತೀರ್ಪು ಕೊಡಬಾರದು.

ಕೊಳ್ಳುವವರಿಗೆ ಒಂದು ಮಾತು. ವೈ ಟೆಸ್ಟಿನಲ್ಲೂ ದರ್ಜೆ ಇದೆ. 37 ಮಾರ್ಕರ್ (ಹೋಲಿಸಿ ನೋಡುವ ಗುರುತಿನ ಜಾಗ), 111 ಮಾರ್ಕರ್, ಅದರ ಮೇಲೆ ಬಿಗ್ ವೈ ಥರದ ದೊಡ್ಡ ಟೆಸ್ಟ್. ಒಬ್ಬರು ನಮ್ಮ ಮನೆತನದವರು ಹೌದೋ ಅಲ್ಲವೋ ಎಂದಷ್ಟೇ ಗೊತ್ತಾಗಬೇಕಿದ್ದರೆ 37 ಸಾಕು. ಅದು ಸ್ಪಷ್ಟವಾಗಿ ಬೇರೆ ಬಂದರೆ ಕೆಲಸ ಮುಗಿಯಿತು, ಉಳಿದ ದುಡ್ಡು ಉಳಿಯಿತು. ಹೊಂದಿದ ಮೇಲೆ ಮನೆತನದ ಯಾವ ಕವಲು ಎಂದು ತಿಳಿಯಬೇಕಾದಾಗ ದೊಡ್ಡ ಟೆಸ್ಟ್. ಅದರಲ್ಲಿ ಸರಾಸರಿ ಎರಡು ಮೂರು ತಲೆಮಾರಿಗೊಂದು ಹೊಸ ಗುರುತು ಸಿಗುತ್ತದೆ. ಹೀಗಾಗಿ ಕೆಲವು ಸಲ ಅಣ್ಣನ ಕವಲು ಯಾವುದು, ತಮ್ಮನದು ಯಾವುದು ಅಂತ ಬಿಡಿಸಬಹುದು. ಅದೃಷ್ಟವಿದ್ದರೆ.

ಎಂಟಿ ಟೆಸ್ಟ್: ತಾಯಿಯ ದಾರಿ

ಮೈಟೋಕಾಂಡ್ರಿಯಾ ಡಿಎನ್‌ಎ ತುಂಬ ಚಿಕ್ಕದು, 16,569 ಅಕ್ಷರ. ತಾಯಿಯಿಂದ ಎಲ್ಲ ಮಕ್ಕಳಿಗೂ ಹೋಗುತ್ತದೆ, ಆದರೆ ಮುಂದಕ್ಕೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಗಂಡಸಿನ ಎಂಟಿ ಅವನ ಜೊತೆಗೇ ಮುಗಿಯುತ್ತದೆ. ಹಾಗಾಗಿ ಒಬ್ಬ ಗಂಡಸಿನ ಎಂಟಿ ಬೇಕಾದರೆ ಅವನ ಮಕ್ಕಳ ಹತ್ತಿರ ಹೋಗಿ ಪ್ರಯೋಜನ ಇಲ್ಲ. ಅವನ ಅಕ್ಕತಂಗಿಯರ ಮಕ್ಕಳ ಕಡೆ ಹೋಗಬೇಕು.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್. 1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ ಸತ್ತ. 2012ರಲ್ಲಿ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಅಡಿಯಲ್ಲಿ ಅಸ್ಥಿಪಂಜರ ಸಿಕ್ಕಿತು. ರಾಜನ ಸ್ವಂತ ಸಂತಾನ ಉಳಿದಿರಲಿಲ್ಲ. ಆದರೆ ಅವನ ಅಕ್ಕ ಆನ್ ಕಡೆಯಿಂದ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಬಂದ ಗೆರೆ ಇಂದಿನವರೆಗೂ ಇತ್ತು. ಆ ಗೆರೆಯ ತುದಿಯಲ್ಲಿದ್ದ ಮೈಕೆಲ್ ಇಬ್ಸನ್‌ನ ಎಂಟಿ ಪೂರ್ತಿ ಹೊಂದಿತು. ವೆಂಡಿ ಡಲ್ಡಿಗ್ ಎಂಬ ಇನ್ನೊಬ್ಬರದ್ದು ಒಂದೇ ಒಂದು ಅಕ್ಷರ ಬಿಟ್ಟು ಹೊಂದಿತು. ಆ ಬಗೆಯ ಎಂಟಿ ಯುರೋಪಿನಲ್ಲಿ ಅಪರೂಪ. ಅದಕ್ಕೇ ಹೊಂದಿಕೆಗೆ ಅಷ್ಟು ತೂಕ ಬಂತು.

ತಮಾಷೆ ಅಂದರೆ, ಅದೇ ಅಸ್ಥಿಪಂಜರದ ವೈ ಹೊಂದಲಿಲ್ಲ. ಅದೇ ರಾಜವಂಶದ ಗಂಡು ಗೆರೆಯವರು ಎಂದು ಕಾಗದ ಹೇಳುವ ಐವರನ್ನು ಟೆಸ್ಟ್ ಮಾಡಿದರು. ಒಬ್ಬರದ್ದೂ ರಿಚರ್ಡ್‌ಗೆ ಹೊಂದಲಿಲ್ಲ. ಆ ಐವರಲ್ಲೇ ಒಬ್ಬನದ್ದು ಉಳಿದ ನಾಲ್ವರಿಗೆ ಹೊಂದಲಿಲ್ಲ! ಆದರೂ 2014ರ ವರದಿಯಲ್ಲಿ ಅದು ರಿಚರ್ಡ್‌ನದೇ ಎಂಬುದಕ್ಕೆ 99.999 ಪರ್ಸೆಂಟ್ ಸಂಭವ ಎಂದು ಲೆಕ್ಕ ಹಾಕಿದರು. ಯಾಕೆ? ಎಂಟಿ ಜೊತೆಗೆ ಪಕ್ಕಕ್ಕೆ ಬಾಗಿದ ಬೆನ್ನೆಲುಬು, ಯುದ್ಧದ ಗಾಯಗಳು, ಮೂಳೆಯ ವಯಸ್ಸು, ಸಿಕ್ಕಿದ ಜಾಗ, ಎಲ್ಲವನ್ನೂ ಸೇರಿಸಿ ತೂಗಿದರು. ಯಾರು ಹೆತ್ತರು ಎಂಬುದು ಎದುರಿಗೆ ಕಾಣುವ ಸಂಗತಿ. ಯಾರು ಅಪ್ಪ ಎಂಬುದು ನಂಬಿಕೆಯ ಸಂಗತಿ. ಐನೂರು ವರ್ಷದ ಕಾಗದದಲ್ಲಿ ತಾಯಿಯ ಗೆರೆ ಜಾಸ್ತಿ ನಂಬಬಹುದಾದ್ದು ಅಂತ ನನಗನ್ನಿಸುತ್ತದೆ. ಆದರೆ ದಾಖಲೆ ಬರೆದವರು ಹೆಂಗಸರ ಹೆಸರನ್ನೇ ಬಿಟ್ಟುಬಿಡುತ್ತಾರೆ. ಸಿಗುವುದೇ ಕಷ್ಟ.

ರಷ್ಯಾದ ರಾಜಕುಟುಂಬದ ಕಥೆಯೂ ಇದೇ. 1918ರಲ್ಲಿ ಗುಂಡಿಗೆ ಬಲಿಯಾದವರ ಮೂಳೆ 1991ರಲ್ಲಿ ಹೊರತೆಗೆದರು. ರಾಣಿ ಅಲೆಕ್ಸಾಂಡ್ರಾಳ ಗುರುತಿಗೆ ಬೇಕಾಗಿದ್ದ ಹೋಲಿಕೆ ಸಿಕ್ಕಿದ್ದು ಅವಳ ಅಕ್ಕನ ಮಗಳ ಮಗನಿಂದ. ಆತ ಬ್ರಿಟನ್ನಿನ ರಾಜಕುಮಾರ ಫಿಲಿಪ್. ತಾನೇ ಬದುಕುಳಿದ ರಾಜಕುಮಾರಿ ಅನಸ್ತಾಸಿಯಾ ಎಂದು ಹೇಳಿಕೊಂಡೇ ಬದುಕಿದ ಆನಾ ಆಂಡರ್ಸನ್ 1984ರಲ್ಲಿ ತೀರಿಕೊಂಡಿದ್ದಳು. ಹತ್ತು ವರ್ಷದ ಮೇಲೆ ಅವಳ ದೇಹದ ತುಣುಕನ್ನು ಟೆಸ್ಟ್ ಮಾಡಿದಾಗ ಎಂಟಿ ಹೊಂದಲಿಲ್ಲ. ಒಂದೇ ಟೆಸ್ಟಿಗೆ ದಶಕಗಳ ವಾದ ಮುಗಿಯಿತು. 'ಅಲ್ಲ' ಎಂಬ ಉತ್ತರದ ಬಲ ಇದು.

ಇನ್ನು ಇದರ ದೋಷ. ಎಂಟಿ ಬದಲಾಗುವುದು ತುಂಬ ನಿಧಾನ. ಇಬ್ಬರದ್ದು ಪೂರ್ತಿ ಹೊಂದಿದರೂ ಅವರ ಸಮಾನ ತಾಯಿ ನೂರು ವರ್ಷದ ಹಿಂದೆ ಇದ್ದಿರಬಹುದು, ಸಾವಿರ ವರ್ಷದ ಹಿಂದೆಯೂ ಇದ್ದಿರಬಹುದು. ಹಾಗಾಗಿ ಸುಮ್ನೆ ಟೆಸ್ಟ್ ಮಾಡಿಸಿ ಮ್ಯಾಚ್ ಪಟ್ಟಿ ನೋಡುತ್ತಾ ಕೂತರೆ ಏನೂ ಹುಟ್ಟುವುದಿಲ್ಲ. ನಿಮ್ಮ ಬಳಿ ಒಂದು ಖಚಿತ ಊಹೆ ಇದ್ದು, ಅದನ್ನು ಒರೆಗೆ ಹಚ್ಚಬೇಕಾದಾಗ ಮಾತ್ರ ಇದು ಒಳ್ಳೆಯ ಆಯ್ಕೆ. ಕೊಳ್ಳುವುದಾದರೆ ಪೂರ್ತಿ 16,569 ಅಕ್ಷರ ಓದುವ ಟೆಸ್ಟನ್ನೇ ಕೊಳ್ಳಿ. ಬರೀ ಹ್ಯಾಪ್ಲೋಗ್ರೂಪ್ (ಬಹಳ ಹಿಂದಿನ ಮೂಲ ಗುಂಪು) ಹೆಸರು ಹೇಳುವ ಟೆಸ್ಟ್ ನಂಟು ಸಾಬೀತು ಮಾಡಲು ಸಾಲದು.

ಆಟೋಸೋಮಲ್ ಟೆಸ್ಟ್: ಎಲ್ಲರೂ ಮಾಡಿಸುವುದು, ಎಲ್ಲರೂ ತಪ್ಪು ಓದುವುದು

ಆನ್ಸೆಸ್ಟ್ರಿ, 23ಆಂಡ್‌ಮಿ, ಮೈಹೆರಿಟೇಜ್ ಮಾರುವ ಮಾಮೂಲಿ ಟೆಸ್ಟ್ ಇದೇ. ಚೌಕ ಸೊನ್ನೆಯ ಹಂಗಿಲ್ಲ, ಎಲ್ಲ ದಾರಿಯಲ್ಲೂ ಹೋಗುತ್ತದೆ. ಆದರೆ ಪ್ರತಿ ತಲೆಮಾರಿಗೂ ಅರ್ಧ ಕರಗುತ್ತದೆ. ಅಪ್ಪ ಅಮ್ಮನಿಂದ ಅರ್ಧರ್ಧ. ಅಜ್ಜ ಅಜ್ಜಿಯರಿಂದ ಸರಾಸರಿ ಕಾಲು ಭಾಗ. ಮುತ್ತಜ್ಜನಿಂದ 12.5 ಪರ್ಸೆಂಟ್. ಹೀಗೇ ಹೋಗಿ ಹತ್ತನೇ ತಲೆಮಾರಿಗೆ ನಿಮಗೆ 1,024 ಹಿರಿಯರು. ಅವರಲ್ಲಿ ಎಷ್ಟೋ ಜನರ ಒಂದು ತುಣುಕೂ ನಿಮ್ಮ ಮೈಯಲ್ಲಿ ಇರುವುದಿಲ್ಲ. ಅವರು ನಿಮ್ಮ ಹಿರಿಯರು ಹೌದು, ಆದರೆ ಡಿಎನ್‌ಎಯಲ್ಲಿ ಇಲ್ಲ.

ಇಬ್ಬರ ನಡುವೆ ಎಷ್ಟು ಹಂಚಿಕೆಯಾಗಿದೆ ಎಂಬುದನ್ನು ಸೆಂಟಿಮಾರ್ಗನ್ (ಸಿಎಂ) ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾವಿರಾರು ಕುಟುಂಬಗಳಿಂದ ಒಟ್ಟು ಮಾಡಿದ ಲೆಕ್ಕ ಒಂದಿದೆ, ಶೇರ್ಡ್ ಸಿಎಂ ಪ್ರಾಜೆಕ್ಟ್ ಅಂತ. ಅದರ ಪ್ರಕಾರ ಅಜ್ಜ ಅಜ್ಜಿ ಒಂದೇ ಆದವರ ನಡುವೆ ಸರಾಸರಿ 866. ಮುತ್ತಜ್ಜ ಮುತ್ತಜ್ಜಿ ಒಂದೇ ಆದವರ ನಡುವೆ 229, ಅದೂ 41ರಿಂದ 592ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದರ ಮೇಲಿನ ತಲೆಮಾರು ಒಂದೇ ಆದವರಿಗೆ 73, ಆದರೆ ಸೊನ್ನೆಯೂ ಬರಬಹುದು. ಇನ್ನೊಂದು ಮೆಟ್ಟಿಲು ಮೇಲೆ ಹೋದರೆ 35, ಮತ್ತು ನಿಜವಾದ ನೆಂಟರಲ್ಲೂ ಸುಮಾರು ಅರ್ಧದಷ್ಟು ಜೋಡಿಗಳಿಗೆ ಏನೂ ಹೊಂದುವುದಿಲ್ಲ.

ಈ ಕೊನೆಯ ಮಾತನ್ನು ಎರಡು ಸಲ ಓದಿ. ದೂರದ ನೆಂಟರ ಜೊತೆ ಹೊಂದಲಿಲ್ಲ ಅಂದರೆ 'ಅಲ್ಲ' ಎಂದರ್ಥವಲ್ಲ. ಹತ್ತಿರದವರ ಜೊತೆ, ಅಂದರೆ ಮುತ್ತಜ್ಜ ಒಂದೇ ಎನ್ನುವವರ ಜೊತೆ ಹೊಂದಲಿಲ್ಲ ಅಂದರೆ ಮಾತ್ರ ಎಲ್ಲೋ ಗೆರೆ ಕಡಿದಿದೆ.

ಈಗ ನನ್ನ ಹಾಳೆಗೆ ಬರುತ್ತೇನೆ. ನನ್ನಿಂದ ಆ ಯಜಮಾನನವರೆಗೆ ಐದು ಮೆಟ್ಟಿಲು. ಆತನ ಇನ್ನೊಬ್ಬ ಮಗನ ಕಡೆ ನನ್ನದೇ ತಲೆಮಾರಿನವರನ್ನು ಹಿಡಿದರೆ ಸರಾಸರಿ 35, ಅರ್ಧಕ್ಕರ್ಧ ಸೊನ್ನೆ. ಜೂಜು. ಆದರೆ ಅಜ್ಜಿಯ ತಂಗಿ ಇನ್ನೂ ಇದ್ದಾರೆ. ನಾವು ಚಿಕ್ಕಜ್ಜಿ ಅನ್ನುತ್ತೇವೆ. ಅವರಿಗೆ ಆ ಯಜಮಾನ ಮುತ್ತಜ್ಜ, ಬರೀ ಮೂರು ಮೆಟ್ಟಿಲು. ಇನ್ನೊಂದು ಕಡೆಯೂ ಯಜಮಾನನ ಮರಿಮಗ ಒಬ್ಬರು ಸಿಕ್ಕರು, ಚಿಕ್ಕಜ್ಜಿಗಿಂತ ಸ್ವಲ್ಪ ಚಿಕ್ಕವರು. ಅದೇ ಪ್ರಶ್ನೆ, ಅದೇ ಕಂಪನಿ, ಅದೇ ಖರ್ಚು. ಉಗುಳುವವರು ಬದಲಾದರು, 35 ಹೋಗಿ 229 ಆಯಿತು.

ಉಗುಳಿಸುವುದೂ ಸುಲಭ ಅಲ್ಲ ಅನ್ನಿ. ಅರ್ಧ ಗಂಟೆ ಮೊದಲಿಂದ ನೀರೂ ಕುಡಿಯಬಾರದು. ವಯಸ್ಸಾದವರ ಬಾಯಿ ಮೊದಲೇ ಒಣಗಿರುತ್ತದೆ. ಟ್ಯೂಬಿನ ಗೆರೆವರೆಗೆ ಎಂಜಲು ಬರಬೇಕು, ನೊರೆ ಲೆಕ್ಕಕ್ಕಿಲ್ಲ. ಚಿಕ್ಕಜ್ಜಿ ಎರಡು ಸಲ 'ಆಯ್ತಪ್ಪಾ' ಅಂದರು, ಎರಡು ಸಲವೂ ನೊರೆ ಇಳಿದು ಗೆರೆಯ ಕೆಳಗೇ ನಿಂತಿತು. ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ಉಜ್ಜಿಕೊಂಡರೆ ಬೇಗ ಬರುತ್ತದೆ. ವಯಸ್ಸಾದವರಿಗೆ ಟೆಸ್ಟ್ ಮಾಡಿಸುವಾಗ ಕಡ್ಡಿ ಉಜ್ಜುವ ಕಿಟ್ ಕೊಡುವ ಕಂಪನಿಯನ್ನೇ ಆರಿಸಿ. ಮೈಹೆರಿಟೇಜ್, ಫ್ಯಾಮಿಲಿಟ್ರೀ ಡಿಎನ್‌ಎ ಎರಡೂ ಕಡ್ಡಿಯವು. ಆನ್ಸೆಸ್ಟ್ರಿ, 23ಆಂಡ್‌ಮಿ ಎಂಜಲಿನವು.

ರಿಸಲ್ಟ್ ಬಂತು. 187 ಸೆಂಟಿಮಾರ್ಗನ್. ನಾನು ಕುಣಿದಾಡಿದೆ. ಎರಡು ದಿನ ಆದ ಮೇಲೆ ಪೆನ್ಸಿಲ್ ತೆಗೆದುಕೊಂಡು ಕೂತೆ.

ಸ್ವಂತ ಮಗನಾಗಿದ್ದರೆ 229ರ ಆಸುಪಾಸು ಬರಬೇಕು. 187 ಸರಿಹೊಂದುತ್ತದೆ. ಸಾಕಿಕೊಂಡವನು, ಮನೆಗೆ ಸಂಬಂಧವೇ ಇಲ್ಲದವನು ಆಗಿದ್ದರೆ ಸೊನ್ನೆ ಬರಬೇಕಿತ್ತು. ಆ ಕಥೆ ಬಿತ್ತು. ಆದರೆ ಜನ ಸಾಕಿಕೊಳ್ಳುವುದು ಯಾರನ್ನು? ಬಹಳ ಸಲ ಸ್ವಂತದವರ ಮಗುವನ್ನೇ. ತಮ್ಮನ ಮಗನನ್ನು ಸಾಕಿದ್ದರೆ ಸರಾಸರಿ 73. ಈ ನಂಟಿಗೆ 234ರವರೆಗೂ ದಾಖಲಾಗಿದೆ, ಹಾಗಾಗಿ 187 ಅಪರೂಪ ಆದರೂ ಆಗದ ಮಾತಲ್ಲ. ಮಗಳ ಮಗನನ್ನು ಸಾಕಿದ್ದರೆ ಸರಾಸರಿ 122, ಮೇಲೆ 353ರವರೆಗೆ. 187 ಆರಾಮಾಗಿ ಕೂರುತ್ತದೆ. ಒಂದೇ ಸಂಖ್ಯೆಗೆ ಮೂರು ಕಥೆ. ಅಷ್ಟೂ ಹೊತ್ತು ನಾನು ಒಂದೇ ಕಥೆ ಓದಿದ್ದೆ, ಯಾಕೆಂದರೆ ಅದೇ ನನಗೆ ಬೇಕಾಗಿತ್ತು.

ಇದಕ್ಕೆ ಮದ್ದು ಒಂದೇ. ಒಂದು ಜೋಡಿಯಲ್ಲ, ಹಲವು ಜೋಡಿ. ಎರಡೂ ಕಡೆಯಿಂದ ಇಬ್ಬಿಬ್ಬರು ಸಿಕ್ಕರೆ ನಾಲ್ಕು ಸಂಖ್ಯೆ ಸಿಗುತ್ತವೆ. ಒಡಹುಟ್ಟಿದವರಿಗೆಲ್ಲ ಒಂದೇ ಡಿಎನ್‌ಎ ಇರುತ್ತದೆ ಎಂದುಕೊಂಡು ಒಬ್ಬರಿಗೇ ನಿಲ್ಲಿಸಬೇಡಿ. ಒಬ್ಬ ಮಗುವಿನಲ್ಲಿ ತಾಯಿಯ ಅರ್ಧ ಇದ್ದರೆ, ಇಬ್ಬರನ್ನು ಸೇರಿಸಿದರೆ ಸರಾಸರಿ ಮುಕ್ಕಾಲು, ಮೂವರಲ್ಲಿ 87.5 ಪರ್ಸೆಂಟ್ ಸಿಗುತ್ತದೆ. ಬಂದ ಸಂಖ್ಯೆಗಳನ್ನು ಬೇರೆ ಬೇರೆ ಊಹೆಗೆ ಹಾಕಿ ಯಾವುದು ಎಷ್ಟು ಸಂಭವ ಎಂದು ಲೆಕ್ಕ ಹಾಕುವ ಉಪಕರಣ ಡಿಎನ್‌ಎ ಪೇಂಟರ್ ಎಂಬ ತಾಣದಲ್ಲಿದೆ.

ಇನ್ನೂ ಮೂರು ಗುಂಡಿ ಇವೆ. 7 ಸೆಂಟಿಮಾರ್ಗನ್‌ಗಿಂತ ಚಿಕ್ಕ ತುಣುಕುಗಳನ್ನು ನಂಬಬೇಡಿ, ಎಷ್ಟೋ ಸಲ ಅವು ಸುಳ್ಳು ಹೊಂದಿಕೆ. ತಲೆಮಾರುಗಟ್ಟಲೆ ನೆಂಟರೊಳಗೇ ಮದುವೆ ನಡೆದ ಮನೆತನವಾದರೆ ಸಂಖ್ಯೆ ಊದಿಕೊಳ್ಳುತ್ತದೆ, ದೂರದವರು ಹತ್ತಿರದವರ ಹಾಗೆ ಕಾಣುತ್ತಾರೆ. ಅಂಥ ಕಡೆ ಒಟ್ಟು ಮೊತ್ತಕ್ಕಿಂತ ಅತಿ ಉದ್ದದ ತುಣುಕು ಎಷ್ಟಿದೆ ನೋಡಿ. ಮೂರನೆಯದು, ಮ್ಯಾಚ್ ಆದವರ ವಂಶವೃಕ್ಷದಲ್ಲೂ ಅದೇ ಹಿರಿಯರ ಹೆಸರು ಇದೆ ಎಂದ ಮಾತ್ರಕ್ಕೆ ಡಿಎನ್‌ಎ ಆ ಹಿರಿಯರಿಂದಲೇ ಬಂತು ಎಂದಲ್ಲ. ಇನ್ನೊಂದು ಗೆರೆಯಿಂದ ಬಂದಿರಬಹುದು. ಅವರು ಆ ಹೆಸರನ್ನು ನಿಮ್ಮ ವೃಕ್ಷದಿಂದಲೇ ನಕಲು ಮಾಡಿರಬಹುದು! ನಗಬೇಡಿ, ನನಗೆ ಆಗಿದೆ.

ಟೆಸ್ಟಿನ ಜೊತೆ ಬರುವ ಬಣ್ಣದ ನಕ್ಷೆ, ಇಷ್ಟು ಪರ್ಸೆಂಟ್ ಅಲ್ಲಿಯವರು ಇಷ್ಟು ಪರ್ಸೆಂಟ್ ಇಲ್ಲಿಯವರು ಎಂಬುದು, ಈ ಕೆಲಸಕ್ಕೆ ಬೇಡ. ಪಕ್ಕಕ್ಕಿಡಿ.

ಎಕ್ಸ್

ಎಕ್ಸ್ ಕ್ರೋಮೋಸೋಮ್ ಬೇರೆ ಟೆಸ್ಟ್ ಅಲ್ಲ. ಕೆಲವು ಕಂಪನಿಗಳು ಆಟೋಸೋಮಲ್ ಜೊತೆಗೇ ತೋರಿಸುತ್ತವೆ. ಗಂಡಸಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಅಪ್ಪನಿಂದ ಮಗನಿಗೆ ಎಕ್ಸ್ ಹೋಗುವುದೇ ಇಲ್ಲ. ಹಾಗಾಗಿ ಗೆರೆಯಲ್ಲಿ ಎರಡು ಚೌಕ ಒಂದರ ಕೆಳಗೊಂದು ಬಂದರೆ ಎಕ್ಸ್ ಅಲ್ಲಿ ನಿಂತಿತು. ಸಂಶಯವಿರುವ ಗೆರೆಗಳನ್ನು ಹೊಡೆದುಹಾಕಲು ಒಳ್ಳೆಯದು, ಸಾಬೀತು ಮಾಡಲು ಅಲ್ಲ.

ಮೂಳೆ, ಕೂದಲು, ಹಳೆಯ ಲಕೋಟೆ

'ಅಜ್ಜನ ಕಾಗದದ ಅಂಚೆಚೀಟಿ ಇದೆ, ಅದರಿಂದ ತೆಗೆಯಬಹುದಾ?' ಎಂದು ಕೇಳುವವರಿದ್ದಾರೆ. ಆಸೆ ಅರ್ಥವಾಗುತ್ತದೆ. ಕೆಲವು ಲ್ಯಾಬ್‌ಗಳು ಪ್ರಯತ್ನ ಮಾಡುತ್ತವೆ. ಆದರೆ ದುಬಾರಿ, ಕೆಲಸ ಕೆಟ್ಟರೆ ಆ ವಸ್ತುವೂ ಹೋಯಿತು. ಮೇಲಾಗಿ ಆ ಚೀಟಿಯನ್ನು ನೆಕ್ಕಿದ್ದು ಅಜ್ಜನೇ ಅಂತ ಯಾರು ಕಂಡವರು? ಬೀಥೋವನ್‌ನದು ಎಂದು ಇಟ್ಟುಕೊಂಡಿದ್ದ ಎಂಟು ಕೂದಲ ಕುಚ್ಚುಗಳಲ್ಲಿ ಐದು ಮಾತ್ರ ಅವನದು ಎಂದು ನಂಬಬಹುದಾಗಿತ್ತು. ಎಲ್ಲಕ್ಕಿಂತ ಹೆಸರಾಗಿದ್ದ ಒಂದು ಕುಚ್ಚು ಯಾವುದೋ ಹೆಂಗಸಿನದ್ದು. ಕೂದಲನ್ನು ಕತ್ತರಿಸಿ ಇಟ್ಟಿದ್ದರೆ ಬುಡ ಇರುವುದಿಲ್ಲ, ಹಾಗಾಗಿ ಮಾಮೂಲಿಯಾಗಿ ಎಂಟಿ ಸಿಕ್ಕರೆ ದೊಡ್ಡದು. ಸುಟ್ಟ ಬೂದಿಯಲ್ಲಿ ಏನೂ ಉಳಿದಿರುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಒಂದು ಅಪವಾದ ಹೇಳಲೇಬೇಕು. 1890ರಲ್ಲಿ ತೀರಿಕೊಂಡ ಸಿಟಿಂಗ್ ಬುಲ್, ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ನಾಯಕ. ಆತನ ಮರಿಮಗ ತಾನು ಎಂದು ಅರ್ನೀ ಲಾಪಾಯಿಂಟ್ ಹೇಳುತ್ತಿದ್ದರು, ಆದರೆ ನಡುವೆ ಇದ್ದದ್ದು ಅಜ್ಜಿ ಮತ್ತು ತಾಯಿ. ಮೇಲೆ ಗಂಡು, ಆಮೇಲೆ ಎರಡು ಹೆಣ್ಣು. ವೈಯೂ ಆಗದು, ಎಂಟಿಯೂ ಆಗದು. ನಾಯಕನ ಕೂದಲ ಕುಚ್ಚೊಂದರಲ್ಲಿ ಉಳಿದಿದ್ದ ಚೂರುಪಾರು ಆಟೋಸೋಮಲ್ ಡಿಎನ್‌ಎಯನ್ನೇ ಹೊಸ ವಿಧಾನದಿಂದ ಹೋಲಿಸಿ 2021ರಲ್ಲಿ ನಂಟು ನಿಜ ಎಂದು ತೋರಿಸಿದರು. ಅದ್ಭುತ ಕೆಲಸ. ಆದರೆ ಅದು ದೊಡ್ಡ ಸಂಶೋಧಕರ ತಂಡ ವರ್ಷಗಟ್ಟಲೆ ಕೂತು ಮಾಡಿದ್ದು. ನಿಮಗೆ ನನಗೆ ಅಂಗಡಿ ಸಾಮಾನಿನ ಹಾಗೆ ಸಿಗುವುದಲ್ಲ. ಲಕೋಟೆಗೆ ಸುರಿಯುವ ದುಡ್ಡಲ್ಲಿ ಬದುಕಿರುವ ನಾಲ್ಕು ಹಿರಿಯರ ಟೆಸ್ಟ್ ಮಾಡಿಸಿ.

ಯಾವ ಕಂಪನಿ?

ಆಟೋಸೋಮಲ್‌ಗೆ ಜನ ಜಾಸ್ತಿ ಇರುವ ಕಡೆ ಹೋಗುವುದು ಲಾಭ. ಆನ್ಸೆಸ್ಟ್ರಿಯಲ್ಲಿ 2 ಕೋಟಿಗೂ ಹೆಚ್ಚು ಜನ ಇದ್ದಾರೆ, ಆದರೆ ಬೇರೆ ಕಡೆ ಮಾಡಿಸಿದ ಫೈಲನ್ನು ಅಲ್ಲಿಗೆ ಏರಿಸಲು ಬಿಡುವುದಿಲ್ಲ. ಯಾವ ಕ್ರೋಮೋಸೋಮಿನ ಯಾವ ಜಾಗದಲ್ಲಿ ಹೊಂದಿತು ಎಂಬುದನ್ನೂ ತೋರಿಸುವುದಿಲ್ಲ. ಅದು ಬೇಕಾದರೆ ಅಲ್ಲಿಂದ ಫೈಲ್ ಇಳಿಸಿಕೊಂಡು ಜೆಡ್‌ಮ್ಯಾಚ್ ಥರದ, ಬೇರೆ ಬೇರೆ ಕಂಪನಿಯ ಫೈಲ್ ಹೋಲಿಸುವ ತಾಣಕ್ಕೆ ಹಾಕಬೇಕು. ವೈ ಮತ್ತು ಪೂರ್ತಿ ಎಂಟಿಗೆ ಹೋಲಿಸಿ ನೋಡಲು ಜನ ಸಿಗುವುದು ಫ್ಯಾಮಿಲಿಟ್ರೀ ಡಿಎನ್‌ಎಯಲ್ಲಿ. ನೀವು ಮತ್ತು ನಿಮ್ಮ ಗೊತ್ತಿರುವ ನೆಂಟರು, ಇಷ್ಟೇ ಹೋಲಿಕೆ ಬೇಕಿದ್ದರೆ ಜನಸಂಖ್ಯೆ ನೋಡುವ ಅಗತ್ಯವೇ ಇಲ್ಲ. ಇಬ್ಬರೂ ಒಂದೇ ಕಂಪನಿಯಲ್ಲಿ ಮಾಡಿಸಿದರೆ ಆಯಿತು.

ಡೇಟಾ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 2023ರಲ್ಲಿ 23ಆಂಡ್‌ಮಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ರಿಸಲ್ಟ್ ಬಂದ ತಕ್ಷಣ ಕಚ್ಚಾ ಫೈಲನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ಟೆಸ್ಟ್ ಮಾಡಿಸುವ ಹಿರಿಯರಿಗೆ ಒಂದು ಮಾತು ಮೊದಲೇ ಹೇಳಿ: 'ನಾವು ಕೇಳದ ವಿಷಯವೂ ಹೊರಗೆ ಬರಬಹುದು.' ಹಳೆಯ ಪ್ರಶ್ನೆ ಹುಡುಕುತ್ತಾ ಹೋದವರಿಗೆ ಸ್ವಂತ ಅಪ್ಪನ ವಿಷಯದ ಆಘಾತ ಸಿಕ್ಕಿದ್ದೂ ಇದೆ. ಒಪ್ಪಿದರೆ ಮಾತ್ರ ಮುಂದೆ.

ಮತ್ತೆ ನನ್ನ ಹಾಳೆ

ಆಗ ಹೊಳೆದದ್ದು ಅಂದೆನಲ್ಲ, ಅದು ಇದು. ಅಜ್ಜಿ ಹೆಣ್ಣು, ಹಾಗಾಗಿ ನನ್ನ ವೈ ಅಲ್ಲಿಗೆ ಹೋಗದು. ಆದರೆ ಅಜ್ಜಿಗೆ ಒಬ್ಬ ಅಣ್ಣ ಇದ್ದರು. ಅವರ ಮಗ ಈಗಲೂ ಇದ್ದಾರೆ. ಅವರಿಂದ ಮೇಲಕ್ಕೆ ಅಪ್ಪ, ಅಜ್ಜ, ಮುತ್ತಜ್ಜ, ಆಮೇಲೆ ಆ ಯಜಮಾನ. ಬರೀ ಚೌಕ! ಇನ್ನೊಂದು ಕಡೆಯ ಆ ಮರಿಮಗನೂ ಗಂಡುಮಕ್ಕಳ ಗೆರೆಯವರೇ. ಅಂದರೆ ನಾನು ಮೊದಲು ತರಿಸಿದ ಕಿಟ್ ಸರಿಯಾಗೇ ಇತ್ತು. ತಪ್ಪಿದ್ದು ಬಾಯಿ.

ಈ ಇಬ್ಬರ ವೈ ಹೊಂದದಿದ್ದರೆ, 187ರ ಜೊತೆ ಇಟ್ಟು ನೋಡಿದಾಗ ಮಗಳ ಮಗನನ್ನೋ ತಂಗಿಯ ಮಗನನ್ನೋ ಸಾಕಿದರು ಎಂಬ ಕಡೆ ವಾಲುತ್ತದೆ. ಹೊಂದಿದರೆ ಸ್ವಂತ ಮಗ, ಇಲ್ಲವೇ ತಮ್ಮನ ಮಗ. ಆ ಕೊನೆಯ ಎರಡನ್ನು ಬಿಡಿಸಲು ಇನ್ನೂ ಎರಡು ಮೂರು ಆಟೋಸೋಮಲ್ ಜೋಡಿ ಬೇಕು. ಮರಿಮಗ ಕಡ್ಡಿ ಉಜ್ಜಿ ಕಳಿಸಿಯಾಗಿದೆ. ಅಜ್ಜಿಯ ಅಣ್ಣನ ಮಗನಿಗೆ ಕೊಟ್ಟ ಕಿಟ್ ಮೂರು ತಿಂಗಳಿಂದ ಅವರ ಕಪಾಟಿನಲ್ಲೇ ಇದೆ. ಫೋನ್ ಮಾಡಿದಾಗಲೆಲ್ಲ 'ನಾಳೆ ಬೆಳಿಗ್ಗೆ ಎದ್ದ ತಕ್ಷಣ ಮಾಡ್ತೀನಿ ಕಣಯ್ಯಾ' ಅನ್ನುತ್ತಾರೆ.